ಕರಡಿಯ ನಿಜವಾದ ಹೆಸರು

ಚೌಡಾಪುರದಲ್ಲಿ ಬಸ್ಸು ನಿಂತು, ಗಾಣಗಾಪುರಕ್ಕೆ ಹೋಗುವ ದತ್ತಭಕ್ತರೆಲ್ಲ ಗಂಟುಮೂಟೆ ಸಮೇತ ಇಳಿದರು. ಹಸಿರು ಸೀರೆಯ ಹೆಂಗಸೊಬ್ಬಳು ಇಳಿದ ಮೇಲೆ ಮಗಳು ಹಿಂದೆ ಬಂದಿಲ್ಲವೆಂದು ಗೊತ್ತಾಗಿ ಕಿಟಕಿಯ ಹೊರಗೆ ನಿಂತು, "ರೇಣುಕಾ, ಏ ರೇಣುಕಾ," ಎಂದು ಕೂಗಿದಳು. ಹುಡುಗಿ ಸೀಟಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುತ್ತಿತ್ತು, ಜಪ್ಪಯ್ಯ ಅಂದರೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಶಾಂಭವಿಯ ಗಂಟಲಿಗೆ ಒಂದು "ಓ" ಎದ್ದು ಬಂದು ಅಲ್ಲೇ ಸಿಕ್ಕಿಕೊಂಡಿತು. ಯಾರದೋ ಮಗಳ ಪರವಾಗಿ ಓ ಅನ್ನಲು ಹೊರಟ ತನ್ನ ಬಾಯಿಗೆ ತಾನೇ ನಾಚಿ ಕಿಟಕಿಯ ಆಚೆ ನೋಡಿದಳು. ಕಪ್ಪು ನೆಲದ ತುಂಬ ತೊಗರಿ ಎದೆಯುದ್ದ ನಿಂತಿತ್ತು. ಇವಳ ಮಗಳೂ ಹಾಗೆಯೇ ಇತ್ತು, ಮೊದಲ ಕೂಗಿಗೆ ಓ ಅಂದವಳೇ ಅಲ್ಲ. ತವರೂರು ಕಿಣ್ಣಿ ಸುಲ್ತಾನದ ಮನೆಯ ಹೊಸ್ತಿಲಲ್ಲಿ ನಿಂತು ಅಜ್ಜಿ ಮೂರು ಸಲ ಗಂಟಲು ಹರಿದುಕೊಂಡ ಮೇಲೆ, ಓಣಿಯ ತುದಿಯ ಪ್ಯಾರಿಬಿಯ ಅಂಗಳದಿಂದ ನಿಧಾನಕ್ಕೆ, ಉಪಕಾರ ಮಾಡಿದವಳ ಹಾಗೆ ಒಂದು ಓ ಬರುತ್ತಿತ್ತು. "ಎಷ್ಟೊತ್ತಿಗೆ ಓ ಅಂತಿ ಬೇ, ಅನ್ನ ಆರಾಕತ್ತದ," ಎಂದು ಅಜ್ಜಿ ಬೈಯುತ್ತಿದ್ದಳು. ಬಸ್ಸು ಹೊರಟಿತು. ರೇಣುಕಾ ಒಂದೇ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ತಾಯಿಯ ಹಿಂದೆ ಓಡುತ್ತಿದ್ದಳು.

ಅಫಜಲಪುರದ ಕಾಲೇಜಿನಲ್ಲಿ ಕನ್ನಡ ಕಲಿಸುವ ಶಾಂಭವಿ ಇವತ್ತು ರಜೆ ಹಾಕಿ ತವರಿಗೆ ಹೊರಟಿದ್ದಾಳೆ. ತಮ್ಮ ಚಂದಪ್ಪನಿಗೆ ಮೂರನೆಯದು ಹೆಣ್ಣು ಹುಟ್ಟಿದೆ, ಇವತ್ತು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಹೆಸರಿಡುವವಳು ಸೋದರತ್ತೆ. ಕೂಸಿನ ಕಿವಿಯಲ್ಲಿ ಬಾಯಿಟ್ಟು ಕುರ್‍ರ್ ಎಂದು ಸದ್ದು ಮಾಡಿ ಹೆಸರು ಉಸುರಬೇಕು, ಆಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಗಬೇಕು. ಲೋಕದಲ್ಲಿ ಆ ಹೆಸರು ಮೊದಲು ಬರುವುದು ಅತ್ತೆಯ ಬಾಯಿಂದ. ಚಂದಪ್ಪನ ಮೊದಲಿನ ಇಬ್ಬರಿಗೂ, ಪಲ್ಲವಿಗೂ ಶ್ರೀಶೈಲನಿಗೂ, ಕುರ್‍ರ್ ಎಂದವಳು ಶಾಂಭವಿಯೇ. ಹೋದ ವಾರ ಫೋನು ಮಾಡಿದ್ದ. "ಅಕ್ಕಾ, ಹೆಸರಿಡೋದು ಇಟ್ಕೊಂಡೀವಿ, ಬರಬೇಕು ನೀ." "ಹೆಸರೇನು ಮಾಡೀರಿ?" ಎಂದು ಕೇಳಿದ್ದಕ್ಕೆ ಸ್ವಲ್ಪ ತಡೆದು, "ನೋಡೂಣಂತ, ನೀ ಬಾ ಮೊದಲ," ಎಂದಿದ್ದ. ಆ ತಡೆದದ್ದು, ಆ "ನೀ ಬಾ ಮೊದಲ", ಇಷ್ಟೇ ಇಟ್ಟುಕೊಂಡು ಶಾಂಭವಿ ವಾರವಿಡೀ ಒಂದು ಮಾತನ್ನು ಕಟ್ಟಿಕೊಂಡಿದ್ದಳು. ಹೋದವರ ಹೆಸರನ್ನು ಬಂದವರಿಗೆ ಇಡುವುದು ಈ ಕಡೆ ಹೊಸದಲ್ಲವಲ್ಲ. ತಮ್ಮ ತನ್ನ ಕೂಸಿಗೆ ಇವಳ ಮಗಳ ಹೆಸರು ಇಡುತ್ತಾನೆ. ಇವಳೇ ಅದನ್ನು ಕಿವಿಯಲ್ಲಿ ಹೇಳುತ್ತಾಳೆ. ಎರಡು ವರ್ಷದಿಂದ ಯಾರ ಬಾಯಲ್ಲೂ ಬಾರದ ಆ ಹೆಸರು ಇವತ್ತು ಸಂಜೆಯೊಳಗೆ ಓಣಿಯ ತುಂಬ ಓಡಾಡುತ್ತದೆ. ಇದಕ್ಕಿಂತ ಹೆಚ್ಚಿನದೇನೂ ಅವಳಿಗೆ ಬೇಕಾಗಿರಲಿಲ್ಲ. ಆ ಹೆಸರನ್ನು ಇನ್ನೊಬ್ಬರ ಬಾಯಿಂದ ಒಂದು ಸಲ ಕೇಳಬೇಕು, ಅಷ್ಟೇ. ಗಂಡ ಸಿದ್ದರಾಮೇಶನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಅವನು, "ನನಗ ರಜಾ ಇಲ್ಲ, ನೀ ಹೋಗಿ ಬಾ," ಎಂದು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಬಸ್ಸು ಹೊರಡುವ ಮೊದಲೇ ಗಾಡಿ ತಿರುಗಿಸಿಕೊಂಡು ಹೋಗಿದ್ದ.

ಆ ಹೆಸರನ್ನು ಅವಳೇ ಒಮ್ಮೆ ಹೇಳಿ ನೋಡಬಹುದಿತ್ತಲ್ಲ? ನೋಡಿದ್ದಳು. ಅಡಿಗೆಮನೆಯಲ್ಲಿ ಮಿಕ್ಸರು ಹಚ್ಚಿ ಆ ಸದ್ದಿನ ಮರೆಯಲ್ಲಿ ಹೇಳಿದ್ದಳು. ಯಾರೋ ಹಾಜರಿ ಕೂಗಿದ ಹಾಗಿತ್ತು. ಹೆಸರೆನ್ನುವುದು ತಾನೇ ಹೇಳಿ ತಾನೇ ಕೇಳುವ ವಸ್ತುವಲ್ಲ. ಇದು ಅವಳಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು, ಏಕೆಂದರೆ ವರ್ಷಾ ವರ್ಷಾ ಕ್ಲಾಸಿನಲ್ಲಿ ಇದನ್ನೇ ಕಲಿಸುತ್ತಾಳೆ. ಬೋರ್ಡಿನ ಮೇಲೆ ಮೊದಲು ನಕ್ಷತ್ರದಂಥ ಒಂದು ಚುಕ್ಕಿ ಗುರುತು, ಅದರ ಮುಂದೆ *ಹ್‌ಋತ್‌ಕೊಸ್ ಎಂದು ಬರೆಯುತ್ತಾಳೆ. ಹುಡುಗರು ನಗುತ್ತಾರೆ. ಐದಾರು ಸಾವಿರ ವರ್ಷಗಳ ಹಿಂದೆ ಕರಡಿಗೆ ಇದ್ದ ಹೆಸರು ಇದು, ನಗಬೇಡಿ ಎನ್ನುತ್ತಾಳೆ. ಚುಕ್ಕಿ ಯಾಕೆಂದರೆ ಇದನ್ನು ಯಾರೂ ಕೇಳಿಲ್ಲ, ಎಲ್ಲೂ ಬರೆದಿಟ್ಟಿಲ್ಲ. ಮಕ್ಕಳು ಮೊಮ್ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಹೀಗಿದ್ದೀತು ಎಂದು ಪಂಡಿತರು ಕಟ್ಟಿಕೊಂಡದ್ದು. ಸಂಸ್ಕೃತದ ಋಕ್ಷ ಇದರ ಮಗು, ಪಾರಸಿಯ ಖಿರ್ಸ್ ಇದರ ಮಗು, ಗ್ರೀಕರ ಆರ್ಕ್ತೊಸ್ ಇದರದ್ದೇ, ನಮ್ಮ ಓಣಿಯ ಸಾಬರು ರೀಛ್ ಅನ್ನುತ್ತಾರಲ್ಲ, ಅದೂ. ನಮ್ಮ ಕರಡಿ ಮಾತ್ರ ಬೇರೆ ಮನೆತನದ್ದು. ಆಮೇಲೆ ಅವಳಿಗೆ ಇಷ್ಟವಾದ ಭಾಗ ಬರುತ್ತದೆ. ಉತ್ತರದ ಹಿಮದ ಕಾಡುಗಳಿಗೆ ಹೋದವರಿಗೆ ಕರಡಿಯೆಂದರೆ ಜೀವಭಯ. ಹೆಸರೆತ್ತಿದರೆ ಬಂದುಬಿಡುತ್ತದೆಂದು ಹೆದರಿ ಅವರು ಹೆಸರೆತ್ತುವುದನ್ನೇ ಬಿಟ್ಟರು. ಒಬ್ಬರು ಕಂದುಬಣ್ಣದವ ಅಂದರು, ಇನ್ನೊಬ್ಬರು ಜೇನು ತಿನ್ನುವವ ಅಂದರು. ಒಂದು ತಲೆಮಾರು ಬಾಯಿ ಕಟ್ಟಿತು, ಮುಂದಿನ ತಲೆಮಾರಿಗೆ ಏನನ್ನು ಹೇಳಬಾರದು ಎಂಬುದೇ ಗೊತ್ತಿರಲಿಲ್ಲ. ಇಂಗ್ಲಿಷಿನ ಬೇರ್ ಎಂಬುದು ಹೆಸರಲ್ಲ, ಹೆಸರು ಮುಚ್ಚಿದ ಬಟ್ಟೆ. ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿ ಯಾರಾದರೂ, "ಹೌದ್ರಿ ಮೇಡಂ, ನಮ್ಮವ್ವನೂ ನಮ್ಮಪ್ಪನ ಹೆಸರು ಹೇಳಂಗಿಲ್ರಿ, ರಾತ್ರಿ ಹಾವಿಗೆ ಹುಳಾ ಅಂತಾಳ್ರಿ," ಎನ್ನುತ್ತದೆ, ಕ್ಲಾಸು ಕಳೆಗಟ್ಟುತ್ತದೆ. ಎರಡು ವರ್ಷದಿಂದ ಆ ಪಾಠವನ್ನು ಪುಸ್ತಕ ನೋಡಿ ಓದಿ ಮುಗಿಸುತ್ತಾಳೆ.

ಎರಡು ವರ್ಷದ ಹಿಂದೆ ಜೇವರ್ಗಿಯಲ್ಲಿ ಅವತ್ತು ಇದನ್ನೇ ಓದಿದ್ದಳು. ವಿಚಾರಸಂಕಿರಣ, ಶಾಮಿಯಾನ, ಕೊರಳಿಗೆ ಗುರುತಿನ ಬಿಲ್ಲೆ. ದಸರೆಯ ಸೂಟಿಯೆಂದು ಮಗಳನ್ನು ಕಿಣ್ಣಿಯಲ್ಲಿ ತಾಯಿ ಸಾಬಮ್ಮನ ಹತ್ತಿರ ಬಿಟ್ಟಿದ್ದಳು. ಬೆಳಿಗ್ಗೆ ಫೋನು ಮಾಡಿದಾಗ ಸಾಬಮ್ಮ, "ಸುಮ್ಮನ ಮೈ ಬೆಚ್ಚಗ ಆಗ್ಯಾದ, ಏನೋ ಅಂಜಿದಂಗ ಕಾಣತದ, ನೀ ನಿನ್ನ ಕೆಲಸ ನೋಡು," ಎಂದು ಕೂಸಿನ ಕೈಗೆ ಫೋನು ಕೊಟ್ಟಿದ್ದಳು. "ಅವ್ವಾ, ಕರಡೀಗಿ ಇನ್ನೊಂದು ಹೆಸರು ಹೇಳು," ಎಂದಿತ್ತು ಅದು. ಅದಕ್ಕೆ ಇದೊಂದು ಆಟ. ಅವ್ವನ ಪುಸ್ತಕದಲ್ಲಿನ ಕರಡಿಗೆ ಎಷ್ಟು ಹೆಸರಿವೆಯೋ ಅಷ್ಟೂ ಅದಕ್ಕೆ ಬೇಕು. "ಋಕ್ಷ." "ಅದು ಮೊನ್ನಿ ಹೇಳೀದಿ. ಇನ್ನೊಂದು." "ಸಂಜೀಕ ಬಂದು ಹೇಳ್ತೇನಿ ಪುಟ್ಟಾ," ಎಂದು ಶಾಂಭವಿ ಅವಸರದಲ್ಲಿ ಇಟ್ಟುಬಿಟ್ಟಿದ್ದಳು. ಭಯದಿಂದ ಜನ ಹೇಗೆ ಒಂದು ಹೆಸರನ್ನು ಕಳೆದುಕೊಳ್ಳುತ್ತಾರೆ ಎಂದು ಅವಳು ಓದುವಾಗ, ಸಭೆ ಚಪ್ಪಾಳೆ ತಟ್ಟುವಾಗ, ಸದ್ದು ಅಡಗಿಸಿದ ಫೋನು ಬ್ಯಾಗಿನಲ್ಲಿ ಮಿನುಗುತ್ತ ಇತ್ತು. ಕೂಸನ್ನು ಆಳಂದಕ್ಕೆ ಒಯ್ದರಂತೆ, ಅಲ್ಲಿಂದ ಕಲಬುರಗಿಗೆ ಒಯ್ದರಂತೆ. ಮೆದುಳಿಗೇರಿದ ಜ್ವರವೆಂದರು. ಅವಳು ತಲುಪಿದಾಗ ಹೇಳುವುದಕ್ಕೆ ಒಂದು ಹೆಸರು ಬಾಕಿ ಇತ್ತು, ಕೇಳುವವಳಿರಲಿಲ್ಲ. ಮುಂಚೆ ಫೋನು ಎತ್ತಿದ್ದರೆ ಏನೂ ಬದಲಾಗುತ್ತಿರಲಿಲ್ಲವೆಂದು ಡಾಕ್ಟರು ಸಮಾಧಾನ ಹೇಳಿದ್ದರು. ಬದಲಾಗುವುದು ಬೇಡ. ಪುಟ್ಟಾ ಎಂದೆನಲ್ಲ, ಕಡೆಯ ಸಲ ಹೆಸರು ಹಿಡಿದು ಕರೆಯಲಿಲ್ಲವಲ್ಲ ಎಂಬುದು ಅವಳನ್ನು ತಿನ್ನುತ್ತದೆ.

ಆಳಂದದಲ್ಲಿ ಇಳಿದು ಊರಿಗೆ ಹೋಗುವ ಟಂಟಂ ಆಟೊ ಹಿಡಿದಳು. ಚಾಲಕ ಆಚೆ ಈಚೆ ಇಬ್ಬರನ್ನು ಕೂಡಿಸಿಕೊಂಡು ಅಂಡು ಊರಲು ಜಾಗವಿಲ್ಲದೆ ವಾರೆಯಾಗಿ ಕೂತಿದ್ದ. ಈ ದಾರಿಯಲ್ಲಿ ಅವಳಿಗೆ, ಕೂಸನ್ನು ಮಣ್ಣು ಮಾಡಿ ಬಂದ ಮೇಲಿನ ಒಂದು ಮಧ್ಯಾಹ್ನ ನೆನಪಾಯಿತು. ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಸಾಬಮ್ಮ ಹೇಳಿದ್ದಳು, "ಇನ್ನ ಮ್ಯಾಲೆ ಆ ಹೆಸರು ಯಾರೂ ತಗೀಬ್ಯಾಡ್ರಿ. ಕೂಸು ದೂರ ಹೋಗೂದದ. ಕರದ್ರ ತಿರುಗಿ ನೋಡತದ. ತಿರುಗಿ ನೋಡಿದ್ರ ದಾರಿ ತಪ್ಪತದ. ನಿಮ್ಮ ಕಾಲ ಬೀಳ್ತೀನಿ, ಅದಕ್ಕ ಹೋಗಾಕ ಬಿಡ್ರಿ." ಯಾರು ಎದುರಾಡುತ್ತಾರೆ? ಎಲ್ಲರೂ ಬಾಯಿ ಹೊಲಿದುಕೊಂಡರು. ಸಿದ್ದರಾಮೇಶ ಅಕಿ ಅನ್ನತೊಡಗಿದ. ಚಂದಪ್ಪ ಆ ಕೂಸು ಅಂದ. ಕಾಲೇಜಿನವರು ನಿಮ್ಮ ಮಗಳು ಅಂದರು, ಬರಬರುತ್ತ ಅದನ್ನೂ ಬಿಟ್ಟು ಆ ವಿಷಯ ಅಂದರು. ಶಾಂಭವಿಗೆ ತಾಯಿಯ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಆ ಕೂಸು ಕಣ್ಣು ಮುಚ್ಚಿದ್ದು ಸಾಬಮ್ಮನ ತೊಡೆಯ ಮೇಲೆ, ಕಲಬುರಗಿಗೆ ಹೋಗುವ ಗಾಡಿಯಲ್ಲಿ. ಹೆಸರಿಲ್ಲದಿದ್ದರೆ ಆ ಮುದುಕಿ ಬದುಕಿಕೊಳ್ಳುತ್ತಾಳೆ ಎಂದಾದರೆ ಬದುಕಿಕೊಳ್ಳಲಿ ಎಂದುಕೊಂಡಿದ್ದಳು. ಹಾಗೆ ಅಂದುಕೊಂಡು ತಾನು ಸಾಯುತ್ತ ಬಂದಿದ್ದೇನೆ ಎಂದು ಈಗ, ಟಂಟಂನ ಕಂಬಿ ಹಿಡಿದು ಕುಲುಕುತ್ತ, ಅನ್ನಿಸಿತು.

ಓಣಿಯ ತುದಿಯ ಮನೆಯ ಕಟ್ಟೆಯ ಮೇಲೆ ಪ್ಯಾರಿಬಿ ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. ಈಗ ಕಣ್ಣಿಗೆ ಪೊರೆ ಬಂದಿದೆ, ನಡಿಗೆಯ ಸದ್ದಿನ ಮೇಲೆ ಗುರುತು ಹಿಡಿಯುತ್ತಾಳೆ. "ಶಾಂಭವಿ ಏನ ಬೇಟಿ? ಬಾ, ಕುಂದರು. ನಿನ್ನ ಗುಡಿಯಾ ಹ್ವಾದಾಗಿಂದ ಈ ಕಟ್ಟಿ ಮ್ಯಾಲೆ ಯಾರೂ ಕುಂದರಂಗಿಲ್ಲ ನೋಡು." ಗುಡಿಯಾ, ಗೊಂಬೆ. ಇವಳೂ ಒಂದು ಬಟ್ಟೆ ಹೊದಿಸಿಬಿಟ್ಟಳು ಎಂದುಕೊಂಡಳು ಶಾಂಭವಿ. "ರೀಛ್ ಕಾ ತಾವೀಜ್ ಅದ ಏನ ಇನ್ನಾ?" ಎಂದು ಮುದುಕಿ ಕೇಳಿದಳು. ಕರಡಿ ಕೂದಲಿನ ಆ ತಾಯಿತ ಇವಳ ಪರ್ಸಿನಲ್ಲೇ ಇದೆ. ಶಾಂಭವಿ ಐದಾರು ವರ್ಷದವಳಿದ್ದಾಗ ಈ ಕಟ್ಟೆಯ ಮುಂದೆಯೇ ಕಲಂದರನೊಬ್ಬ ಕರಡಿ ತಂದು ನಿಲ್ಲಿಸಿದ್ದ. ರಾತ್ರಿ ಬೆಚ್ಚಿ ಅಳುವ ಹುಡುಗಿಯೆಂದು ಇವಳನ್ನು ಅದರ ಬೆನ್ನ ಮೇಲೆ ಕೂಡಿಸಿದ್ದರು. ಬಿಸಿಲಿಗೆ ಕಾದ ಒರಟು ಕೂದಲು, ಹಳೆಯ ಕಂಬಳಿಯ ವಾಸನೆ. ಕೆಳಗೆ ಅದರ ಎದೆ ಧಡಧಡ ಹೊಡೆದುಕೊಳ್ಳುತ್ತಿತ್ತು. ತನಗಿಂತ ಅದೇ ಹೆದರಿದೆ ಎಂದು ಅವತ್ತು ಇವಳಿಗೆ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಕಲಂದರ ಅದರ ನಾಲ್ಕು ಕೂದಲು ಕಿತ್ತು ತಾಯಿತದಲ್ಲಿ ತುಂಬಿಕೊಟ್ಟ. ಜ್ವರದ ದಿನ ಸಾಬಮ್ಮ ಪೆಟ್ಟಿಗೆಯಿಂದ ಅದನ್ನೇ ತೆಗೆದು ಮೊಮ್ಮಗಳ ಕೊರಳಿಗೆ ಕಟ್ಟಿದ್ದಳು. "ಅದ, ಪ್ಯಾರಿಮಾ," ಎಂದಳು ಶಾಂಭವಿ. ಹೊಸ ಕೂಸಿಗೆ ಕಟ್ಟಲೆಂದೇ ತಂದಿದ್ದೇನೆ ಎಂದು ಹೇಳಲು ಹೋಗಿ, ಹಾಗೆ ಕಟ್ಟಿದರೆ ಚಂದಪ್ಪನ ಹೆಂಡತಿ ನಾಗರತ್ನಾ ಏನೆಂದಾಳು ಎಂಬುದು ಅದೇ ಮೊದಲ ಸಲ ಹೊಳೆದು ಮನೆಯ ಕಡೆ ಹೊರಟಳು.

ನಾಗರತ್ನಾ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು. "ಬರ್ರಿ ಅಕ್ಕಾ, ದಣದೀರಿ," ಎನ್ನುವಾಗ ಅವಳ ಕಣ್ಣು ಶಾಂಭವಿಯ ಮುಖದ ಮೇಲೆ ನಿಲ್ಲಲಿಲ್ಲ. ಪಡಸಾಲೆಯ ತೊಲೆಗೆ ತೂಗುಹಾಕಿದ ತೊಟ್ಟಿಲಿಗೆ ಚೆಂಡುಹೂವಿನ ಮಾಲೆ. ಬೇಯಿಸಿದ ಗುಗ್ಗರಿಯ ವಾಸನೆ ಮನೆಯ ತುಂಬ ಇತ್ತು. ತೊಟ್ಟಿಲ ಪಕ್ಕದ ಚಾಪೆಯ ಮೇಲೆ, ಅತ್ತೆ ಕೂಡುವ ಜಾಗದಲ್ಲಿ, ಚಿಕ್ಕಪ್ಪನ ಮಗಳು ಸೀಮಾ ಹೊಸ ಇಳಕಲ್ ಸೀರೆಯುಟ್ಟು ಕೂತಿದ್ದಳು. ಶಾಂಭವಿಯನ್ನು ಕಂಡು ಏಳಲು ಹೋದಳು, ಯಾರೋ ಭುಜ ಒತ್ತಿ ಕೂಡಿಸಿದರು. ಶಾಂಭವಿಗೆ ಅರ್ಥವಾಯಿತು. ಅರ್ಥವಾಗಲಿಲ್ಲವೆಂಬಂತೆ ಬ್ಯಾಗಿನಿಂದ ಕೂಸಿನ ಲಂಗ ತೆಗೆದು, ಮತ್ತೆ ಮಡಚಿ, ಮತ್ತೆ ತೆಗೆದಳು. ಚಂದಪ್ಪ ಬಂದು, "ಅಕ್ಕಾ, ಒಂದ ಮಾತು," ಎಂದು ಹಿತ್ತಲಿಗೆ ಕರೆದ. ಅಲ್ಲಿ ಬಾವಿಯ ಕಟ್ಟೆಯನ್ನು ಕಾಲಿನಿಂದ ಕೆರೆಯುತ್ತ ನಿಂತ.

"ತಪ್ಪು ತಿಳ್ಕೋಬ್ಯಾಡ. ನಾಗಿಯ ಮನಸಿಗಿ ಏನೋ ಅಂಜಿಕಿ. ಅಕಿ ತವರಿನವ್ರೂ ಅಂದ್ರು. ಮಕ್ಕಳ ತಾಯಿನೇ ಕುರ್‍ರ್ ಅನಬೇಕಂತ..."

"ನಾ ಮಕ್ಕಳ ತಾಯಿ ಅಲ್ಲೇನೋ?"

ಚಂದಪ್ಪನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು, ಅದರೊಳಗೆ ಸೀರೆ. "ಅತ್ತೀ ಮರ್ಯಾದಿ ನಿನಗೇ ಅಕ್ಕಾ, ಅದ್ರಾಗೇನೂ ಕಡಿಮಿ ಮಾಡಿಲ್ಲ," ಎಂದು ಮುಂದೆ ಹಿಡಿದ. ಹೆಸರಿಟ್ಟ ಅತ್ತೆಗೆ ಕೊಡುವ ಸೀರೆ. ಹೆಸರಿಡಬೇಡ ಎಂದು ಅದನ್ನು ಮೊದಲೇ ಕೊಡುತ್ತಿದ್ದ. ಕಣ್ಣು ಕೆಂಪಗಾಗಿದ್ದವು. ಇವನು ಕೆಟ್ಟವನಲ್ಲ, ಇದೇ ತಮ್ಮ ಕೂಸನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದವನು. ಅವಳು ಸೀರೆ ತೆಗೆದುಕೊಂಡಳು. ತೆಗೆದುಕೊಳ್ಳದಿದ್ದರೆ ಅವನು ಅಲ್ಲೇ ಅತ್ತುಬಿಡುತ್ತಿದ್ದ. "ಹೆಸರೇನು?" ಎಂದಳು. "ಆದ್ಯಾ ಅಂತ. ಪಲ್ಲವಿ ಮೊಬೈಲದಾಗ ನೋಡಿ ಆರಿಸ್ಯಾಳ." ಸ್ವಲ್ಪ ಬಿಟ್ಟು, ಅವಳು ಕೇಳದಿದ್ದದ್ದಕ್ಕೂ ಉತ್ತರ ಕೊಟ್ಟ. "ನಾ ಒಮ್ಮಿ ಅಂದು ನೋಡ್ದೆ ಅಕ್ಕಾ, ಆ ಕೂಸಿನ... ಅದೇ ಇಡೂಣಂತ. ಅರ್ಧಕ್ಕ ಹೋದವ್ರದ್ದು ಇಡಬಾರದಂತ. ಅವ್ವ ಊಟಾನೇ ಬಿಟ್ಲು." ಅಂದು ನೋಡಿದನಂತೆ! ಎಲ್ಲಿ ಅಂದ, ಯಾವಾಗ ಅಂದ, ಆಗ ಹೆಸರು ಹೇಳಿದ್ದನೋ ಅಥವಾ ಆಗಲೂ ಆ ಕೂಸಿನದು ಎಂದೇ ಅಂದಿದ್ದನೋ? ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅಷ್ಟು ಕೇಳಿದರೆ ಹುಚ್ಚು ಹಿಡಿದಿದೆ ಅಂದಾರು.

ಹೆಂಗಸರು ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ಕೈ ಬದಲಿಸಿ ದಾಟಿಸಿದರು. ಕಡೆಗೆ ಮಲಗಿಸಿದಾಗ ಸೀಮಾ ಬಗ್ಗಿ ಕಿವಿಯಲ್ಲಿ ಕುರ್‍ರ್ ಎಂದಳು, ನಾಚಿಕೆಯಿಂದ ಸದ್ದೇ ಹೊರಡಲಿಲ್ಲ, ಮತ್ತೆ ಹೇಳಿಸಿದರು. ಆದ್ಯಾ. ದಬದಬ ಬೆನ್ನಿಗೆ ಗುದ್ದು ಬಿದ್ದವು, ನಗೆ ಎದ್ದಿತು. ಶಾಂಭವಿ ಗೋಡೆಗೆ ಒರಗಿ, ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಅವಳ ಬೆನ್ನು ಕಾಯುತ್ತಿತ್ತು. ಯಾರಾದರೂ ತಪ್ಪಿ ಒಂದು ಗುದ್ದಾದರೂ ಹಾಕಲಿ ಎಂದು ನಿಜಕ್ಕೂ, ನಾಚಿಕೆಬಿಟ್ಟು, ಕಾಯುತ್ತಿತ್ತು. ಅತ್ತ ಸಾಬಮ್ಮ ಗುಗ್ಗರಿಯ ಬುಟ್ಟಿ ಹಿಡಿದು ಇವಳ ಕಡೆಗೇ ನೋಡುತ್ತಿದ್ದಳು. ಕಣ್ಣು ಕೂಡಿದ ಕೂಡಲೇ ಬುಟ್ಟಿಯೊಳಗೆ ಮುಖ ತಗ್ಗಿಸಿದಳು. ಆಮೇಲೆ ಬಂದು ಮಗಳ ಉಡಿಗೆ ಎರಡು ಬೊಗಸೆ ಹಾಕಿದಳು, ಉಳಿದವರಿಗೆ ಒಂದೊಂದೇ ಹಾಕಿದ್ದಳು. ಗುಗ್ಗರಿ ಇನ್ನೂ ಬೆಚ್ಚಗಿತ್ತು.

ಬಂದವರು ಉಂಡು ಹೋದರು. ಹೊತ್ತು ಇಳಿಯುವ ಸಮಯ, ಮಧ್ಯಾಹ್ನದ ಗದ್ದಲದಲ್ಲಿ ಸರಿಯಾಗಿ ಉಣ್ಣದ ಮನೆಯ ಮಕ್ಕಳಿಗೆ ಮೊದಲು ಬಡಿಸೋಣವೆಂದು ನಾಗರತ್ನಾ ಅಂದಳು. ಶಾಂಭವಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕಡೆಯ ಟಂಟಂಗೆ ಹೊರಡಬೇಕು, ಏಳಲು ಮನಸ್ಸಿಲ್ಲ. ನಾಳೆ ಕ್ಲಾಸಿದೆ. ಬೋರ್ಡಿನ ಮೇಲೆ ಚುಕ್ಕಿ ಹಾಕಬೇಕು. ಇನ್ನು ಹತ್ತು ವರ್ಷಕ್ಕೆ ಸಾಬಮ್ಮ ಇರುವುದಿಲ್ಲ, ಪಲ್ಲವಿ ಶ್ರೀಶೈಲರಿಗೆ ಅತ್ತೆಗೊಂದು ಮಗಳಿದ್ದಳೆಂಬ ನೆನಪಿದ್ದೀತು, ಈ ಆದ್ಯಾಗೆ ಅದೂ ಇಲ್ಲ. ಯಾರದೋ ಮಾತಿನ ನಡುವೆ ಆ ಕೂಸು ಎಂದು ಬಂದಾಗ, ಯಾವ ಕೂಸು ಎಂದು ಕೇಳುತ್ತಾಳೆ. ಅಷ್ಟು ಹೊತ್ತಿಗೆ ತನ್ನ ಬಾಯಿಗೂ ಅದು ಮರೆತಿರುತ್ತದೆಯೇ? ಅಳು ಬರಲಿಲ್ಲ. ಓಣಿಯ ಕೆಳಗೆ, ಪ್ಯಾರಿಬಿಯ ಅಂಗಳದ ಕಡೆ, ಹುಡುಗರು ಆಡುವ ಗಲಾಟೆ ಕೇಳುತ್ತಿತ್ತು.

ಸಾಬಮ್ಮ ಬೆಳಗಿನಿಂದ ಕೂತವಳಲ್ಲ. ಒಳಗಿನಿಂದ ಬಂದು, ಸೊಂಟಕ್ಕೆ ಒಂದು ಕೈ, ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ಹೊಸ್ತಿಲಲ್ಲಿ ನಿಂತಳು. ಪ್ರತಿ ಸೂಟಿಯ ಪ್ರತಿ ಸಂಜೆ ನಿಲ್ಲುತ್ತಿದ್ದ ಹಾಗೆಯೇ ನಿಂತು, ಪ್ರತಿ ಸಂಜೆಯ ರಾಗದಲ್ಲೇ ಕೂಗಿದಳು.

"ಏ ಪಲ್ಲವೀ... ಶಿರಶೈಲಾ... ನೀಲವ್ವಾ... ಬರ್ರಿ ಉಣ್ಣಾಕ!"

ಕೂಗಿ ಮುಗಿದ ಮೇಲೆ ಅವಳಿಗೆ ಗೊತ್ತಾಯಿತು. ಚೌಕಟ್ಟಿನ ಮೇಲಿನ ಕೈ ಬಾಯಿಗೆ ಬಂತು. ಒಳಗೆ ತಾಟು ಹಾಕುತ್ತಿದ್ದ ನಾಗರತ್ನಾ ನಿಂತಲ್ಲೇ ನಿಂತಳು. ಚಂದಪ್ಪ ತೊಟ್ಟಿಲ ಹಗ್ಗ ಬಿಟ್ಟ. ಪಲ್ಲವಿ ಮತ್ತು ಶ್ರೀಶೈಲ ಓಡಿ ಬಂದು, ಅಜ್ಜಿಯ ಮುಖ ಕಂಡು ಅಂಗಳದಲ್ಲೇ ಗಪ್ಪಾದರು. ಶಾಂಭವಿಗೆ ಮೈಯೆಲ್ಲ ಕಿವಿಯಾಗಿತ್ತು. ಮಗಳಿಗೆ ನೀಲಾಂಬಿಕಾ ಎಂದು ತಾನಿಟ್ಟದ್ದು, ಗಂಡ ನೀಲೂ ಎಂದು ಮುದ್ದು ಮಾಡಿದ್ದು, ಈ ಮುದುಕಿ ತನ್ನ ಅವ್ವನನ್ನೋ ಅತ್ತೆಯನ್ನೋ ಕರೆದ ಹಾಗೆ ನೀಲವ್ವ ಮಾಡಿಕೊಂಡದ್ದು. ಎಲ್ಲೂ ಹೋಗಿರಲಿಲ್ಲ. ಎರಡರ ನಂತರದ ಮೂರನೆಯದಾಗಿ, ತನ್ನ ಜಾಗದಲ್ಲಿ, ಅವ್ವನ ನಾಲಿಗೆಯಲ್ಲಿ ಅಷ್ಟು ದಿನವೂ ಇತ್ತು. ದಿನಾ ಸಂಜೆ ಇಬ್ಬರನ್ನು ಕರೆದು ಈ ಮೂರನೆಯದನ್ನು ಇವಳು ನುಂಗುತ್ತ ಬಂದಿದ್ದಾಳೆ. ಅವ್ವಾ, ಎಂಥ ಸಂಕಟ ನಿನ್ನದು ಎಂದು ಶಾಂಭವಿಯ ಎದೆ ಒಡೆಯಿತು.

"ಕರದುಬಿಟ್ಟೆ," ಎಂದಳು ಸಾಬಮ್ಮ ಬೆರಳುಗಳ ಸಂದಿಯಿಂದ. "ಶಿವನೇ, ಕರದುಬಿಟ್ಟೆನಲ್ಲೋ. ತಿರುಗಿ ನೋಡತದ ಈಗ. ನಿಂತು ದಾರಿ ಕಾಯತದ."

ಮೊದಲ ಕೂಗಿಗೆ ಅದು ಯಾವತ್ತು ಓ ಅಂದಿತ್ತು? ತಿರುಗಿ ನೋಡಿದರೆ ನೋಡಲಿ ಎಂದುಕೊಂಡಳು ಶಾಂಭವಿ, ಎಷ್ಟು ದೂರ ಹೋಗಿದ್ದರೂ ಒಂದು ಸಲ ನಿಂತು ನೋಡಲಿ, ಮನೆಯಲ್ಲಿ ಇನ್ನೂ ಕರೆಯುತ್ತಾರೆ ಎಂದಾದರೂ ಗೊತ್ತಾಗಲಿ. ಬೆಳಿಗ್ಗೆ ಚೌಡಾಪುರದಲ್ಲಿ ಗಂಟಲಿಗೆ ಬಂದು ನಿಂತದ್ದು ಈಗ ತಾನಾಗಿ ಎದ್ದಿತು. ಕಟ್ಟೆಯ ಮೇಲಿಂದ, ಅವಸರವಿಲ್ಲದೆ, ಉಪಕಾರ ಮಾಡಿದವಳ ಹಾಗೆ, ಅವಳು ಹೇಳಿದಳು.

"ಓ."

ಸಾಬಮ್ಮ ಮಗಳ ಕಡೆ ತಿರುಗಿದಳು. ಬಾಯಿಯಿಂದ ಕೈ ತೆಗೆದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿದಷ್ಟೂ ಮತ್ತೆ ಒದ್ದೆಯಾಯಿತು.

"ಎಷ್ಟೊತ್ತಿಗೆ ಓ ಅಂತಿ ಬೇ," ಎಂದಳು. "ಬಾ. ಅನ್ನ ಆರಾಕತ್ತದ."

ಒಳಗೆ ನಾಗರತ್ನಾ ಯಾರನ್ನೂ ಕೇಳದೆ ಮೂರನೆಯ ತಾಟು ಹಾಕಿದಳು. ಶಾಂಭವಿ ಎದ್ದು ಬಂದು, ಪಲ್ಲವಿ ಮತ್ತು ಶ್ರೀಶೈಲನ ಪಕ್ಕದಲ್ಲಿ ಅದರ ಮುಂದೆ ಕೂತಳು.